ನೋವು, ಹತ್ತಕ್ಕೆ ಎಷ್ಟು?

ಕೃಷ್ಣಮೂರ್ತಿಪುರಂನ ವೇದಾವತಿ ನರ್ಸಿಂಗ್ ಹೋಮಿನಲ್ಲಿ ಅಂದಿನ ಗದ್ದಲವೆಲ್ಲ ಶುರುವಾದದ್ದು ಒಂದು ಖಾಲಿ ಚೌಕದಿಂದ. ರೋಗಿಯ ಹೆಸರು, ಜ್ವರ, ನಾಡಿ, ರಕ್ತದೊತ್ತಡ ಎಲ್ಲ ತುಂಬಿದ ಮೇಲೂ ಹೊಸದಾಗಿ ಬಂದ ಟ್ಯಾಬು ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತ ಅಜ್ಜಿಯ ಹಾಗೆ ಆ ಒಂದು ಚೌಕ ದಾರಿ ಕಟ್ಟಿ ಕೇಳುತ್ತಿತ್ತು: ನೋವು, ಹತ್ತಕ್ಕೆ ಎಷ್ಟು?

ಹಿಂದಿನ ದಿನದವರೆಗೆ ಇಂಥ ತೊಂದರೆ ಇರಲಿಲ್ಲ. ಮಂಚದ ಕಾಲ ಬಳಿ ರಟ್ಟಿನ ಫೈಲು ನೇತಾಡುತ್ತಿತ್ತು. ವಾರ್ಡಿನ ಹಿರಿಯ ಸಿಸ್ಟರ್ ರಮಾಮಣಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ 'ರೋಗಿ ಆರಾಮವಾಗಿದ್ದಾರೆ' ಎಂದು ಬರೆದರೆ ರೋಗಿಗೂ ಅದನ್ನು ಓದಿ ಆರಾಮ ಎನಿಸುತ್ತಿತ್ತು. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗಬೇಕು. ನರ್ಸಿಂಗ್ ಹೋಮಿನ ಮಾಲೀಕರಾದ ಡಾಕ್ಟರ್ ಬಿಂದುಮಾಧವ ಕೆಳಗಿನ ತಮ್ಮ ಕೋಣೆಯಲ್ಲಿ ಟೀವಿಯಷ್ಟು ದೊಡ್ಡ ಪರದೆ ಹಾಕಿಸಿದ್ದರು. ಒಂದೊಂದು ಹಾಸಿಗೆಗೂ ಅದರಲ್ಲಿ ಒಂದೊಂದು ಹಸಿರು ಬಣ್ಣದ ಮನೆ. ನೋವು ಏಳು ಮುಟ್ಟಿದರೆ ಮನೆ ಕೆಂಪಾಗಿ ಕೂಗಿಕೊಳ್ಳುತ್ತಿತ್ತು. "ಕೆಂಪು ಕಂಡರೆ ವಾರ್ಡಿನಲ್ಲಿ ಕೆಲಸ ಆಗ್ತಿಲ್ಲ ಅಂತ ಅರ್ಥ" ಎಂದು ಡಾಕ್ಟರು ಮೀಟಿಂಗಿನಲ್ಲಿ ಹೇಳಿದ್ದರು. ರಮಾಮಣಿ ಆ ಮಾತನ್ನು ಸೆರಗಿನ ಗಂಟಿನಂತೆ ಜೋಪಾನವಾಗಿ ಇಟ್ಟುಕೊಂಡಿದ್ದರು.

ಟ್ಯಾಬು ಹಿಡಿಯುವ ಕೆಲಸ ಬಂದದ್ದು ಕುಮಾರಸ್ವಾಮಿಗೆ. ಗಂಡು ನರ್ಸುಗಳನ್ನು ಎಲ್ಲರೂ ಬ್ರದರ್ ಎನ್ನುತ್ತಾರಲ್ಲ, ಹಾಗೆ ಅವನು ಅಲ್ಲಿಯ ಏಕೈಕ ಬ್ರದರ್. ಕೆಲಸಕ್ಕೆ ಸೇರಿದಾಗಿನಿಂದ ರಾತ್ರಿ ಪಾಳಿ. ಹೆಂಡತಿ ತನುಶ್ರೀಗೆ ಮೇಟಗಳ್ಳಿಯ ಕಾರ್ಖಾನೆಯೊಂದರ ಪ್ಯಾಕಿಂಗಿನಲ್ಲಿ ಹಗಲು ಪಾಳಿ. ಅವನು ಬೆಳಿಗ್ಗೆ ಕೆಸರೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಅವಳು ಅದೇ ಸ್ಟಾಪಿನಲ್ಲಿ ಕಂಪನಿಯ ಬಸ್ಸಿಗೆ ಕಾಯುತ್ತಿದ್ದಳು. ಸಾರು ಒಲೆಯ ಮೇಲಿದೆ, ಗ್ಯಾಸು ಬುಕ್ ಮಾಡಿ, ಬೀಗದ ಕೈ ಪಕ್ಕದ ಮನೆಯಲ್ಲಿದೆ ಎನ್ನುವಳು. ಮದುವೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ಇಬ್ಬರ ದಾಂಪತ್ಯ ಒಂದು ಬಸ್ಸು ಬಂದು ನಿಂತು ಹೊರಡುವಷ್ಟು ಹೊತ್ತಿನಲ್ಲಿ ಮುಗಿಯುತ್ತಿತ್ತು.

ಈಗ ಹಗಲು ಪಾಳಿಯ ಮಾಲವಿಕಾ ಸಿಸ್ಟರ್ ಹೆರಿಗೆ ರಜೆಯ ಮೇಲೆ ಹೋಗಿದ್ದರು. ಜಾಗ ಖಾಲಿ. ರಮಾಮಣಿಗೆ ಹುಡುಗನ ಮೇಲೆ ಕನಿಕರ. ಇವತ್ತು ಒಂದು ದಿನ ಹಗಲು ಬಂದು ಟ್ಯಾಬು ನೋಡಿಕೊಳ್ಳಲಿ, ಸಂಜೆ ಡಾಕ್ಟರು ರೌಂಡ್ಸಿಗೆ ಬರುವವರೆಗೆ ಪರದೆಯ ಬೋರ್ಡಿನಲ್ಲಿ ಅವರ ಕಣ್ಣಿಗೆ ಕೆಂಪು ಬೀಳದಿದ್ದರೆ ಜಾಗ ಅವನಿಗೇ ಕೊಡಿಸುತ್ತೇನೆ ಎಂದು ಮಾತು ಕೊಟ್ಟು, ಹಿಂದಿನ ರಾತ್ರಿ ರಜೆಯನ್ನೂ ಕೊಟ್ಟಿದ್ದರು. ರಜೆಯೇನೋ ಸಿಕ್ಕಿತು. ಆದರೆ ಅಭ್ಯಾಸಬಲದಿಂದ ಅವನಿಗೆ ನಿದ್ದೆ ಬರಲಿಲ್ಲ. ಬೆಳಗಿನ ಪಾಳಿಗೆ ಏಳಬೇಕಾದ ತನುಶ್ರೀ ಗಾಢ ನಿದ್ದೆಯಲ್ಲಿದ್ದಳು. ಅವನು ಆಗಾಗ ಎದ್ದು ಅವಳ ನಾಡಿ ನೋಡಿ ಮಲಗಿದ್ದ.

ಅಂದು ಜನರಲ್ ವಾರ್ಡಿನಲ್ಲಿ ಇದ್ದವರು ಮೂವರು. ಮರದ ಅಡ್ಡಗೋಡೆಯ ಈಚೆ ಗಂಡಸರಿಬ್ಬರು, ಆಚೆ ಬೀರಮ್ಮ. ಅಡ್ಡಗೋಡೆ ಚಾವಣಿಯವರೆಗೆ ಇರಲಿಲ್ಲವಾದ್ದರಿಂದ ಮಾತಿಗೆ ತಡೆಯೇನೂ ಇರಲಿಲ್ಲ.

ಮೊದಲ ಹಾಸಿಗೆ ವಾಗೀಶ ಮೇಷ್ಟ್ರದು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿ ನಿವೃತ್ತರಾದವರು, ಹರ್ನಿಯಾ ಆಪರೇಷನ್ ಆಗಿತ್ತು. ನೋವು ಹತ್ತಕ್ಕೆ ಎಷ್ಟು ಎಂದು ಕುಮಾರಸ್ವಾಮಿ ಕೇಳಿದ್ದೇ ತಡ, ಅವರು ತಲೆದಿಂಬಿನ ಕೆಳಗಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಹತ್ತು ಎಂದರೆ ಯಾವುದು ಎಂದು ವಿಚಾರಿಸಿದರು. ತಡೆಯಲಾರದ ನೋವು ಎಂದು ಇವನು ವಿವರಿಸಿದ.

"ಅಂಥದ್ದು ನನಗೆ ಇನ್ನೂ ಬಂದಿಲ್ಲವಲ್ಲಪ್ಪ. ಬಾರದೆ ಇರೋದಕ್ಕೆ ಹೋಲಿಸಿ ಬಂದಿರೋದಕ್ಕೆ ಹೇಗೆ ಅಂಕ ಕೊಡೋದು?"

"ಸುಮಾರಾಗಿ ಹೇಳಿ ಸಾರ್."

ಮೇಷ್ಟ್ರು ಕಣ್ಣು ಮುಚ್ಚಿ, ಉತ್ತರಪತ್ರಿಕೆ ತಿರುವಿದಂತೆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು. "ನನ್ನ ಸರ್ವೀಸಿನಲ್ಲಿ ಆರರ ಮೇಲೆ ಯಾರಿಗೂ ಕೊಟ್ಟವನಲ್ಲ. ಇದಕ್ಕೆ ಐದು ಹಾಕಿ. ಇನ್ನು ಸ್ವಲ್ಪ ಶಿಸ್ತು ಇದ್ದಿದ್ದರೆ ಅರ್ಧ ಸೇರಿಸಬಹುದಿತ್ತು. ಒಂದು ಸಲ ಚುಚ್ಚುತ್ತೆ, ಒಂದು ಸಲ ಎಳೆಯುತ್ತೆ, ಒಂದು ಕ್ರಮವೇ ಇಲ್ಲ."

ಪಕ್ಕದ ಹಾಸಿಗೆಯಲ್ಲಿ ಲಿಂಗಯ್ಯ. ಬಡಗಿ. ಬಾಗಿಲ ಚೌಕಟ್ಟು ಕೂರಿಸುವಾಗ ಏಣಿಯಿಂದ ಬಿದ್ದು ಎಡ ಮುಂಗೈ ಮುರಿದುಕೊಂಡಿದ್ದ. ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ತುಂಬಾ ಸಂಕೋಚದ ಮನುಷ್ಯ. ಮೇಷ್ಟ್ರಿಗೆ ಎಷ್ಟು ಬಂತು ಎಂದು ಮೆಲ್ಲಗೆ ಕೇಳಿ ತಿಳಿದುಕೊಂಡ.

"ಹಂಗಾದ್ರೆ ನಂಗೆ ನಾಕು ಹಾಕ್ಬುಡಿ ಬ್ರದರ್. ಅವ್ರಿಗಿಂತ ಜಾಸ್ತಿ ನಾನೆಂಗೆ ತಗೊಳ್ಳೋದು."

ಇಲ್ಲಿಯವರೆಗೆ ಎಲ್ಲವೂ ಹಸಿರಾಗಿತ್ತು. ಅಡ್ಡಗೋಡೆಯ ಆಚೆ ಹೋದ ಮೇಲೆ ಕೆಟ್ಟಿತು.

ಬೀರಮ್ಮ ಅಗ್ರಹಾರದ ಕಡೆ ಹೂವು ಮಾರುವ ಹೆಂಗಸು. ಪಾದದ ಕೀಲು ಮುರಿದು ಬಂದು ಸೇರಿ ಕೆಲವು ದಿನಗಳಾಗಿದ್ದವು. ವಾರ್ಡಿನಲ್ಲಿ ಯಾರಿಗೆ ಏನು ಊಟ, ಯಾರ ಮನೆಯವರು ಬಂದಿಲ್ಲ ಎಲ್ಲವೂ ಅವಳಿಗೆ ಗೊತ್ತು. ಬಂದಿಲ್ಲದವರಿಗೆ ತನ್ನ ಡಬ್ಬಿಯಿಂದ ಅರ್ಧ ಕಳಿಸುವವಳೂ ಅವಳೇ. ಅಂದು ನಾದಿನಿ ಬೆಟ್ಟಮ್ಮ ಬಿಸಿ ಇಡ್ಲಿ ತಂದು ಪಕ್ಕದಲ್ಲಿ ಕೂತಿದ್ದಳು. ಕುಮಾರಸ್ವಾಮಿ ಕೇಳಿದಾಗ ಬೀರಮ್ಮ ಇಡ್ಲಿ ಮುರಿಯುತ್ತಲೇ, ಮೂರೋ ನಾಕೋ, ನಿಂಗೆ ತಿಳಿದಂಗೆ ಹಾಕು ಮಗ ಎಂದುಬಿಟ್ಟಳು.

ಬೆಟ್ಟಮ್ಮ ಚಟ್ನಿಯ ಡಬ್ಬಿಯನ್ನು ಟಕ್ಕೆಂದು ಕೆಳಗಿಟ್ಟಳು.

"ಅತ್ಗೆ, ನಿಂಗೇನಾದ್ರೂ ಬುದ್ಧಿ ಅದಾ? ಮೇಷ್ಟ್ರು ಹೊಟ್ಟೆಗೆ ಐದು. ಮುರ್ದು ಎರಡಾಗಿರೋ ನಿನ್ ಕಾಲ್ಗೆ ಮೂರಾ? ಸಂಜೆ ಡಾಕ್ಟ್ರು ಯಾರ್ನ ಮೊದ್ಲು ನೋಡ್ತಾರೆ? ಜಾಸ್ತಿ ಮಾರ್ಕ್ಸ್ ಬಂದೋರ್ನ. ಇಸ್ಕೂಲಲ್ಲಿ ಹುಡುಗ್ರು ಮುಂದುಗಡೆ ಕೂರಲ್ವಾ, ಹಂಗೆ."

ಬೀರಮ್ಮನಿಗೆ ಇದು ಹೊಳೆದಿರಲಿಲ್ಲ. ಅವಳು ಬಾಯಲ್ಲಿದ್ದುದನ್ನು ನುಂಗಿ, ಹಾಗಾದರೆ ಎಂಟು ಹಾಕು ಎಂದಳು. ರೋಗಿ ಹೇಳಿದ್ದನ್ನೇ ಹಾಕಬೇಕು, ನರ್ಸು ತನ್ನ ಅಂದಾಜು ಸೇರಿಸಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕುಮಾರಸ್ವಾಮಿ ಎಂಟು ಒತ್ತಿದ.

ಕೆಳಗಿನಿಂದ, ಒಲೆ ಆರಿಸಲು ಯಾರೂ ಇಲ್ಲದ ಮನೆಯ ಕುಕ್ಕರಿನಂತೆ ಕೂಗು ಎದ್ದಿತು. ಪುಣ್ಯಕ್ಕೆ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಮೆಟ್ಟಿಲು ಹತ್ತಿ ಓಡಿ ಬಂದವರು ರಮಾಮಣಿ. ಎಂಟು ನೋವಿನ ಬೀರಮ್ಮ ಅವರಿಗೂ ಎರಡು ಇಡ್ಲಿ ಎತ್ತಿಟ್ಟಳು.

"ಕುಮಾರಸ್ವಾಮಿ, ಏನ್ರೀ ಇದು? ಇನ್ನೂ ಕಾಫಿ ಹೊತ್ತಾಗಿಲ್ಲ, ಆಗಲೇ ಕೆಂಪು."

ರೋಗಿಯನ್ನು ಮತ್ತೆ ಕೇಳಿ ಹೊಸ ಅಂಕಿ ತುಂಬಿದರೆ ಕೆಂಪು ಹೋಗುತ್ತದೆ. ಅವನು ಬೀರಮ್ಮನ ಪಾದ ಮುಟ್ಟಿ ನೋಡಿದ. ಬೆಚ್ಚಗಿತ್ತು, ಬೆರಳುಗಳು ಸಲೀಸಾಗಿ ಆಡುತ್ತಿದ್ದವು. ನಿಜವಾಗಿ ಎಷ್ಟಮ್ಮಾ ಎಂದು ಕೇಳಿದ. ಅಲ್ಲಿಂದ ಮುಂದೆ ದೇವರಾಜ ಮಾರುಕಟ್ಟೆಯ ವ್ಯವಹಾರ ನಡೆಯಿತು. ಬೀರಮ್ಮ ಏಳೂವರೆಗೆ ಬಂದಳು. ಟ್ಯಾಬಿನಲ್ಲಿ ಅರ್ಧ ಇಲ್ಲ ಎಂದ. ಆರಕ್ಕೆ ಇಳಿಯಬೇಡ ಅತ್ಗೆ ಎಂದು ಬೆಟ್ಟಮ್ಮ ಪಿಸುಗುಟ್ಟಿದಳು. ಅಷ್ಟರಲ್ಲಿ ಅಡ್ಡಗೋಡೆಯ ಈಚೆಯಿಂದ ವಾಗೀಶ ಮೇಷ್ಟ್ರ ದನಿ ಕೇಳಿಸಿತು. ಇಡ್ಲಿ ತಿನ್ನುತ್ತಿರುವವರಿಗೆ ಎಂಟು ಎಂಬುದು ಮೌಲ್ಯಮಾಪನದ ದೋಷ, ಅದನ್ನು ತಿದ್ದಬೇಕು, ಇಲ್ಲವೆ ಎಲ್ಲರಿಗೂ ಸಮಾನವಾಗಿ ಗ್ರೇಸ್ ಅಂಕ ಕೊಡಬೇಕು, ಆಗ ತಮಗೂ ಎಂಟು ಬರುತ್ತದೆ ಎಂದು ಅವರು ವಾದ ಹೂಡಿದರು. ಮೇಷ್ಟ್ರಿಗೆ ಎಂಟಾದರೆ ತನಗೆ ಏಳು ಸಾಕು ಎಂದು ಲಿಂಗಯ್ಯ ಸಂಕೋಚದಿಂದಲೇ ಸೇರಿಸಿದ.

ವಾರ್ಡು ಪೂರ್ತಿ ಕೆಂಪಾಗುವ ಸೂಚನೆ ಕಂಡು ಕುಮಾರಸ್ವಾಮಿಯ ಸಹನೆಯ ಕಟ್ಟೆ ಒಡೆಯಿತು. ಅವನು ಅಡ್ಡಗೋಡೆಯ ತುದಿಯಲ್ಲಿ, ಎರಡೂ ಕಡೆಗೆ ಕಾಣುವಂತೆ ನಿಂತುಕೊಂಡ.

"ನೋಡಿ, ಸಂಜೆವರೆಗೆ ಡಾಕ್ಟ್ರ ಕಣ್ಣಿಗೆ ಕೆಂಪು ಬೀಳದೆ ಇದ್ರೆ ನಂಗೆ ಹಗಲು ಪಾಳಿ ಸಿಗುತ್ತೆ. ಬಿದ್ರೆ ಮತ್ತೆ ರಾತ್ರೀನೇ. ಮದ್ವೆ ಆದಾಗಿಂದ ನನ್ ಹೆಂಡ್ತೀನ ನಾನು ಬಸ್ ಸ್ಟಾಪಲ್ಲೇ ನೋಡ್ತಿರೋದು. ಇವತ್ತು ಅವಳು ಹಿತಕಿದ ಅವರೆಬೇಳೆ ಸಾರು ಮಾಡ್ತೀನಿ, ಇಬ್ರೂ ಒಟ್ಟಿಗೆ ಬಿಸಿ ಊಟ ಮಾಡೋಣ ಅಂದವ್ಳೆ. ಇನ್ ನೀವೇನ್ ಹೇಳ್ತೀರೋ ಹೇಳಿ, ಹಾಕ್ತೀನಿ."

ಬೆಟ್ಟಮ್ಮ ಡಬ್ಬಿಯ ಮುಚ್ಚಳ ಹಾಕಿ ಕಣ್ಣೊರೆಸಿಕೊಂಡಳು. ಮೊದಲು ಬಾಯಿಬಿಟ್ಟವಳು ಬೀರಮ್ಮ.

"ಇದ್ನ ಮೊದ್ಲೇ ಹೇಳ್ಬಾರ್ದಾ ಮಗ. ಹಾಕು ಸೊನ್ನೆ."

ಮೇಷ್ಟ್ರಿಗೆ ಸ್ವಲ್ಪ ಕಷ್ಟವಾಯಿತು. ಅವರು ಆರರ ಮೇಲೆ ಕೊಟ್ಟವರಲ್ಲ, ನಿಜ, ಆದರೆ ಸೊನ್ನೆಯನ್ನೂ ಯಾರಿಗೂ ಕೊಟ್ಟವರಲ್ಲ. ಕೊನೆಗೆ, ಸಂದರ್ಭ ವಿಶೇಷವಾದದ್ದು ಎಂದು ಒಪ್ಪಿಕೊಂಡರು. ಲಿಂಗಯ್ಯ ಮೇಷ್ಟ್ರನ್ನು ನೋಡಿ ತಲೆಯಾಡಿಸಿದ. ಪೂರ್ತಿ ಸೊನ್ನೆ ಎಂದರೆ ಯಾರೂ ನಂಬುವುದಿಲ್ಲ ಎಂದು ಕುಮಾರಸ್ವಾಮಿಯೇ ಬೇಡಿಕೊಂಡು ಎರಡು, ಮೂರು ಎಂದು ಹೇಳಿಸಿದ. ಬೋರ್ಡು ಭತ್ತದ ಗದ್ದೆಯಂತೆ ಹಸಿರಾಯಿತು. ರಮಾಮಣಿ ಕೆಳಗೆ ಹೋಗಿ ಅದನ್ನು ಕಣ್ತುಂಬ ನೋಡಿ ಬಂದು, ಅವನನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕಳಿಸಿ, ತಾವೇ ವಾರ್ಡು ಕಾದರು. ಊಟದ ಬಿಡುವಿನಲ್ಲಿ ಫೋನು ಮಾಡಿದ ತನುಶ್ರೀಗೆ ಅವನು ಎಲ್ಲವೂ ಹಸಿರು ಎಂದ. ಅವಳಿಗೆ ತಲೆಬುಡ ತಿಳಿಯದಿದ್ದರೂ ಅವನ ದನಿ ಕೇಳಿ ಅವರೆಕಾಯಿ ಒಂದಿಷ್ಟು ಹೆಚ್ಚಾಗಿಯೇ ತರಲು ನಿಶ್ಚಯಿಸಿದಳು.

ಊಟದ ನಂತರ ಆ ಮೂವರ ಒಳ್ಳೆಯತನ ಮಿತಿ ಮೀರಿತು.

ಮಧ್ಯಾಹ್ನದ ಅಂಕಿ ತುಂಬಲು ಅವನು ಟ್ಯಾಬು ಹಿಡಿದು ಬಾಯಿ ತೆರೆಯುವ ಮೊದಲೇ ಆಚೆಯಿಂದ ಬೀರಮ್ಮ ಸೊನ್ನೆ ಎನ್ನುತ್ತಿದ್ದಳು. ಮೇಷ್ಟ್ರು ಕೆಮ್ಮು ಬಂದು, ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಕೆಮ್ಮು ನಿಂತ ಮೇಲೆ ಸುಖಾಸೀನ ರಾಜನಂತೆ ಮುಖ ಮಾಡಿ, "ಸೊನ್ನೆ" ಎಂದರು. ಅವನು ಅವರನ್ನು ಇನ್ನೊಮ್ಮೆ ಕೇಳದೆ, ಡಾಕ್ಟರು ಬರೆದಿದ್ದ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸಿ, ಬೆಳಿಗ್ಗೆ ಅವರೇ ಕೊಟ್ಟಿದ್ದ ಐದನ್ನು ಅವರ ಕಣ್ಣೆದುರಿಗೇ ಹಾಕಿದ. ಐದಕ್ಕೆ ಕೆಂಪಿನ ಭಯವಿಲ್ಲ.

ಲಿಂಗಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ಹೆಗಲ ಮೇಲಿನ ಟವಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದ. ಕುಮಾರಸ್ವಾಮಿ ಬಂದದ್ದು ಕಂಡು ಅದನ್ನು ಬಿಟ್ಟು, "ಸೊನ್ನೆ ಬ್ರದರ್" ಎಂದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಪ್ಲಾಸ್ಟರಿನಿಂದ ಹೊರಗೆ ಇಣುಕಿದ ಬೆರಳುಗಳು ನಂಜನಗೂಡಿನ ರಸಬಾಳೆಯಂತೆ ದಪ್ಪಗಾಗಿದ್ದವು. ಬಣ್ಣ ಮಾತ್ರ ಹಣ್ಣಿನದಾಗಿರಲಿಲ್ಲ, ನೀಲಿಗಟ್ಟಿತ್ತು. ಕುಮಾರಸ್ವಾಮಿ ಟ್ಯಾಬನ್ನು ಮಂಚದ ಮೇಲಿಟ್ಟ. ಬೆರಳು ಮುಟ್ಟಿದ, ತಣ್ಣಗಿತ್ತು. ಒಂದನ್ನು ಸ್ವಲ್ಪವೇ ನೆಟ್ಟಗೆ ಮಾಡಿದ. ಲಿಂಗಯ್ಯನ ಬಾಯಿಂದ ಸದ್ದು ಬರಲಿಲ್ಲ, ಕಾಲಿನ ಬೆರಳುಗಳೆಲ್ಲ ಮುದುಡಿಕೊಂಡವು.

"ಲಿಂಗಯ್ಯನೋರೆ, ನಿಜ ಹೇಳಿ. ಎಷ್ಟು?"

"ಸೊನ್ನೇನೆ. ಸಂಜೆಗಂಟ ತಡ್ಕತೀನಿ ಬುಡಿ. ನಿಮ್ಮನೇಲಿ ಪಾಪ ಕಾಯ್ತಾ ಇರ್ತಾರೆ."

"ಇನ್ನೇನ್ ರೌಂಡ್ಸು ಬಂದ್ಬುಡ್ತದೆ ಲಿಂಗಣ್ಣ, ಗಟ್ಟಿಯಾಗಿರು" ಎಂದು ಬೀರಮ್ಮ ಅಡ್ಡಗೋಡೆಯ ಆಚೆಯಿಂದ ಧೈರ್ಯ ತುಂಬಿದಳು.

ಕುಮಾರಸ್ವಾಮಿ ಮಂಚದ ಅಂಚಿನಲ್ಲಿ ಕುಳಿತ. ಒಳಗೆ ಕೈ ಬಾತುಕೊಂಡು ಪ್ಲಾಸ್ಟರ್ ಬಿಗಿಯಾಗಿದೆ, ರಕ್ತ ಓಡುತ್ತಿಲ್ಲ, ಹೀಗೇ ಬಿಟ್ಟರೆ ಆ ಬೆರಳುಗಳಿಗೆ ಮತ್ತೆ ಉಳಿ ಹಿಡಿಯಲು ಆಗದೆ ಹೋಗಬಹುದು ಎಂದು ಮೆಲುದನಿಯಲ್ಲಿ ಹೇಳಿದ. ಅವರೆಬೇಳೆಯ ಸಾರು, ಹಗಲು ಪಾಳಿ ಎರಡೂ ಅವನ ಕಣ್ಣ ಮುಂದೆ ಒಂದು ಗಳಿಗೆ ಹಾದು ಹೋದವು. ಇಲ್ಲ ಎಂದರೆ ಸುಳ್ಳಾಗುತ್ತದೆ.

"ನನ್ ಹೆಂಡ್ತಿ ಕಾಯ್ತಾಳೆ ಲಿಂಗಯ್ಯನೋರೆ. ನಿಮ್ ಕೈ ಕಾಯಲ್ಲ. ಹೇಳಿ, ಎಷ್ಟು?"

ಲಿಂಗಯ್ಯ ಕಣ್ಣು ಮುಚ್ಚಿದ. "ಹತ್ತು" ಎಂದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ಕುಮಾರಸ್ವಾಮಿ ಹತ್ತು ಒತ್ತಿದ. ಕೆಳಗೆ ಕೂಗು ಏಳುವಷ್ಟರಲ್ಲಿ ಡಾಕ್ಟರಿಗೆ ತಾನೇ ಫೋನನ್ನೂ ಮಾಡಿ, ಪ್ಲಾಸ್ಟರ್ ಕತ್ತರಿಸುವ ಸಲಕರಣೆ ತರಲು ಓಡಿದ.

ಡಾಕ್ಟರ್ ಬಿಂದುಮಾಧವ ಎರಡೆರಡು ಮೆಟ್ಟಿಲು ಹಾರಿ ಬಂದರು. ಹಿಂದೆ ರಮಾಮಣಿ, ಪರೀಕ್ಷೆಯಲ್ಲಿ ತಮ್ಮದೇ ಮಗ ನಪಾಸಾದಂಥ ಮುಖ ಹೊತ್ತು. ಡಾಕ್ಟರು ಬೆರಳು ನೋಡಿದರು. ಪ್ಲಾಸ್ಟರನ್ನು ಮೊಣಕೈಯಿಂದ ಅಂಗೈವರೆಗೆ ಉದ್ದಕ್ಕೆ ಸೀಳಿ, ಒಳಗಿನ ಹತ್ತಿಯನ್ನೂ ಕತ್ತರಿಸಿ ಸಡಿಲಿಸಿದರು. ಲಿಂಗಯ್ಯ ಬಿಟ್ಟ ಉಸಿರು ಮೇಷ್ಟ್ರ ಹಾಸಿಗೆಯವರೆಗೆ ಕೇಳಿಸಿತು. ಬೆರಳಿಗೆ ಮೆಲ್ಲಮೆಲ್ಲಗೆ ಮನುಷ್ಯರ ಬಣ್ಣ ಬರತೊಡಗಿತು.

"ಈಗ ಎಷ್ಟು?" ಎಂದರು ಡಾಕ್ಟರು.

"ಮೂರು ಸಾರ್." ಲಿಂಗಯ್ಯ ಕುಮಾರಸ್ವಾಮಿಯ ಮುಖ ನೋಡಿ ತಿದ್ದಿಕೊಂಡ. "ನಾಕು. ನಿಜವಾಗ್ಲೂ ನಾಕು."

ಡಾಕ್ಟರು ಕೈ ತೊಳೆದು, ಒರೆಸಿಕೊಳ್ಳುತ್ತ ಬಂದು, ಬೆಳಗಿನಿಂದ ಅಂಕಿಗಳು ಇಳಿದ ಬಗೆಯನ್ನು ಟ್ಯಾಬಿನಲ್ಲಿ ನೋಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಉಳಿಸುವುದು ಕಷ್ಟವಿತ್ತು, ಕೆಂಪು ಕಾಣಬಾರದು ಎಂದು ತಾವು ಹೇಳಿದ್ದೇ ತಪ್ಪು, ಕೆಂಪು ಇರುವುದು ತಮ್ಮನ್ನು ಕರೆಯುವುದಕ್ಕೆ ಎಂದು ಎಲ್ಲರೆದುರಿಗೆ ಒಪ್ಪಿಕೊಂಡರು. ರಮಾಮಣಿಗೆ ಅಷ್ಟು ಸಾಕಾಯಿತು. ಇಡೀ ಸರ್ವೀಸಿನಲ್ಲಿ ಡಾಕ್ಟರ ಎದುರು ತಮಗಾಗಿ ಏನನ್ನೂ ಕೇಳದ ಹೆಂಗಸು, ಒಂದು ಹೆಜ್ಜೆ ಮುಂದೆ ಬಂದು, ಈ ಹುಡುಗನಿಗೆ ಹಗಲು ಪಾಳಿ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೇನೆ, ಕೆಂಪು ಬಂತೆಂದು ತಪ್ಪಿಸಬೇಡಿ ಎಂದು ಕೇಳಿದರು.

"ತಪ್ಪಿಸೋದುಂಟೇ? ನಾಳೆಯಿಂದಲೇ ಬರಲಿ" ಎಂದರು ಡಾಕ್ಟರು.

ಕುಮಾರಸ್ವಾಮಿಗೆ ವಾರ್ಡಿನ ಡೆಟಾಲಿನ ವಾಸನೆಯಲ್ಲೂ ಒಗ್ಗರಣೆಯ ಘಮ ಬಂತು. ಡಾಕ್ಟರು ಬಾಗಿಲವರೆಗೆ ಹೋದರು. ಹಾಗೇ ಹೋಗಲು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬೆಳಗಿನಿಂದ ಹುಡುಗನನ್ನು ಗೋಳು ಹೊಯ್ದುಕೊಂಡಿದ್ದೇವೆಂಬ ಅಳುಕು ಮೂವರಲ್ಲೂ ಇತ್ತು. ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವುದು?

ಮೊದಲು ಶುರು ಮಾಡಿದವರು ಮೇಷ್ಟ್ರು. ಆಪರೇಷನ್ ಆದ ರಾತ್ರಿ ತಮಗೆ ನಿದ್ದೆ ಬಾರದಿದ್ದಾಗ ಈ ಕುಮಾರಸ್ವಾಮಿ ದೀಪಕ್ಕೆ ಅಡ್ಡವಾಗಿ ಟವಲು ಕಟ್ಟಿ, ಪಕ್ಕದಲ್ಲಿ ಕೂತು ತಮ್ಮ ಪಾಠವನ್ನೆಲ್ಲ ಕೇಳಿದ್ದನ್ನು ವರ್ಣಿಸಿದರು. ಇಂಥ ಶ್ರದ್ಧೆಗೆ ಹತ್ತಕ್ಕೆ ಒಂಬತ್ತು ಕೊಡಬಹುದು ಎಂದು ತಮ್ಮ ಜೀವಮಾನದ ನಿಯಮವನ್ನೇ ಮುರಿದರು. ಡಾಕ್ಟರು ನಿಂತರು.

ಬೀರಮ್ಮ ಆಚೆಯಿಂದಲೇ ದನಿ ಏರಿಸಿದಳು. "ರಾತ್ರಿ ಹೊತ್ತು ಇವ್ನು ಇದ್ರೆ ನಾವು ಕೂಗಂಗೇ ಇಲ್ಲ ಡಾಕ್ಟ್ರೇ. ಹೊದ್ಕೆ ಜಾರುದ್ರೆ ಬಂದು ಹೊದುಸ್ತಾನೆ, ನೀರು ಅನ್ನೋಕ್ ಮುಂಚೆ ಲೋಟ ತಂದಿರ್ತಾನೆ. ನಿನ್ನೆ ಒಂದ್ ರಾತ್ರಿ ಇವ್ನು ಇರ್ಲಿಲ್ಲ ನೋಡಿ, ಲಿಂಗಣ್ಣನ ಕೈ ಹಿಂಗಾಗೋಯ್ತು. ಇವ್ನಿದ್ದಿದ್ರೆ ರಾತ್ರೀನೇ ಕಂಡು ಹಿಡ್ದಿರೋನು."

"ಅದು ಮಾತ್ರ ಸತ್ಯ" ಎಂದ ಲಿಂಗಯ್ಯ, ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ.

ಡಾಕ್ಟರು ವಾಪಸ್ಸು ಬಂದು ಅಡ್ಡಗೋಡೆಯ ತುದಿಯಲ್ಲಿ ನಿಂತರು. ಮೂವರನ್ನೂ ನೋಡಿದರು. ಆಮೇಲೆ ಕುಮಾರಸ್ವಾಮಿಯನ್ನು ಅಲ್ಲಿಗೇ ಕರೆದು, ಅವನ ಹೆಗಲ ಮೇಲೆ, ಮಗನ ಹೆಗಲಿಗೆ ಹಾಕುವಂತೆ ಕೈ ಹಾಕಿದರು.

"ನನಗಿದು ಹೊಳೆಯಲೇ ಇಲ್ಲ ನೋಡಿ. ಹಗಲು ನಾನಿರ್ತೀನಿ, ರಮಾಮಣಿ ಇರ್ತಾರೆ. ನಾವ್ಯಾರೂ ಇಲ್ಲದ ಹೊತ್ತಲ್ಲಿ ತಾನೇ ನಿಮ್ಮಂಥ ಕಣ್ಣು ಬೇಕಾಗಿರೋದು? ನೀವು ಇವತ್ತಿನಿಂದ ನೈಟ್ ಇನ್‌ಚಾರ್ಜ್. ಖಾಯಂ. ಈಗ ಹೋಗಿ ಸ್ವಲ್ಪ ಮಲಗಿ, ಪಾಳಿ ಹೊತ್ತಿಗೆ ಬಂದುಬಿಡಿ."

ಅವರು ಸಂತೋಷದಿಂದ ಇಳಿದು ಹೋದರು. ರಮಾಮಣಿ ಅವನ ಕೈಯಿಂದ ಟ್ಯಾಬನ್ನು ಮೆಲ್ಲಗೆ ಬಿಡಿಸಿಕೊಂಡರು. ಕುಮಾರಸ್ವಾಮಿ ಬಾಯಿ ತೆರೆದ. ಮಾತು ಹೊರಡಲಿಲ್ಲ. ಮೂವರು ರೋಗಿಗಳೂ ಬೆಟ್ಟಮ್ಮನೂ, ಮನೆಯ ಮಗುವಿಗೆ ಬಹುಮಾನ ಬಂದಂತೆ ಮುಖವರಳಿಸಿ ಅವನನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನ ಕೈ ಏಳದ್ದನ್ನು ಕಂಡು ಬೆಟ್ಟಮ್ಮನೇ ಅದನ್ನು ತೆಗೆದು, ಹೆಸರು ಓದಿ, ಅತ್ತಿಗೆಯ ಕೈಗೆ ಕೊಟ್ಟಳು. ಒಳ್ಳೆಯ ಸುದ್ದಿ ಹಿರಿಯರ ಬಾಯಿಂದಲೇ ಬರಬೇಕಲ್ಲ.

"ತನುಶ್ರೀನಾ? ನಾನ್ ಕಣವ್ವ, ವಾರ್ಡಲ್ಲಿರೋ ಬೀರಮ್ಮ. ನಿನ್ ಗಂಡಂಗೆ ಬಡ್ತಿ ಆಯ್ತು. ಇನ್ಮೇಲೆ ರಾತ್ರಿಯೆಲ್ಲ ಇವ್ನದೇ ಕಾರುಬಾರು, ಖಾಯಂ ಮಾಡ್ಬುಟ್ರು. ನಾವೇ ಡಾಕ್ಟ್ರಿಗೆ ಹೇಳಿ ಕೊಡಿಸ್ದೋ ಕಣವ್ವ."

ಬೀರಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಕಾದಳು. ಆಮೇಲೆ ನಗುತ್ತ ಅದನ್ನು ಕುಮಾರಸ್ವಾಮಿಯ ಕಡೆ ಚಾಚಿದಳು.

"ತಗೋ ಮಗ. ಪಾಪ, ಸಂತೋಷಕ್ಕೆ ಅವಳ್ಗೂ ಮಾತೇ ಬತ್ತಿಲ್ಲ."